ಅದಿರಿಗೆ ಎರಡನೇ ಹಳಿ, ನಮಗೆ ಯಾವ ರೈಲು?

ಚಿಕ್ಕಜಾಜೂರು–ಬಳ್ಳಾರಿ ರೈಲು ಮಾರ್ಗ ಕುರಿತು ಬಹಿರಂಗ ಪತ್ರ

ಗೆ,
ರೈಲ್ವೆ ಆಡಳಿತದ ಮಾನ್ಯ ಹಿರಿಯ ಅಧಿಕಾರಿಗಳು,
ಹಾಗೂ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಮಾನ್ಯ ಸಂಸದರು ಮತ್ತು ಶಾಸಕರು.

ವಿಷಯ: ಜೋಡಿ ಹಳಿ ಕಾಮಗಾರಿಯ ಯೋಜನೆಯಲ್ಲೇ ಪ್ರಯಾಣಿಕ ರೈಲುಗಳಿಗೆ ಜಾಗ ಗೊತ್ತುಮಾಡುವ ಬಗ್ಗೆ.

ಮಾನ್ಯರೇ,

2025ರ ಜೂನ್ 11ರಂದು ಕೇಂದ್ರ ಸಂಪುಟವು ಬಳ್ಳಾರಿ–ಚಿಕ್ಕಜಾಜೂರು ಜೋಡಿ ಹಳಿಗೆ ಒಪ್ಪಿಗೆ ಕೊಟ್ಟಿತು. ಉದ್ದ 185 ಕಿ.ಮೀ., ವೆಚ್ಚ 3,342 ಕೋಟಿ ರೂಪಾಯಿ. ಸುದ್ದಿ ಓದಿ ಚಿತ್ರದುರ್ಗದಲ್ಲಿ ನಾವೆಲ್ಲ ಸಂತೋಷಪಟ್ಟೆವು, ಅದನ್ನು ಮುಚ್ಚಿಡುವುದಿಲ್ಲ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗಕ್ಕೆ ಜೋಡಿ ಹಳಿ ಬಂತು, ವಂದೇ ಭಾರತ್ ಬಂದು ದಾವಣಗೆರೆಯಲ್ಲಿ ನಿಂತಿತು. ಪಕ್ಕದಲ್ಲೇ ಇರುವ ನಮ್ಮ ಲೈನು ಮಾತ್ರ ಒಂಟಿ ಹಳಿಯಲ್ಲೇ ಉಳಿದಿತ್ತು. ಅಂಥ ಲೈನಿಗೆ ಇಷ್ಟು ದೊಡ್ಡ ಮೊತ್ತ ಬಂದದ್ದು ಸಣ್ಣ ಮಾತಲ್ಲ.

ಆಮೇಲೆ ಸರ್ಕಾರದ ಪ್ರಕಟಣೆಯನ್ನು ಪೂರ್ತಿ ಓದಿದೆ. ಈ ಎರಡನೇ ಹಳಿಯಿಂದ ವರ್ಷಕ್ಕೆ ಹೆಚ್ಚುವರಿಯಾಗಿ 1 ಕೋಟಿ 89 ಲಕ್ಷ ಟನ್ ಸರಕು ಸಾಗಿಸಬಹುದು ಎಂದಿದೆ. ಕಬ್ಬಿಣದ ಅದಿರು, ಕೋಕಿಂಗ್ ಕಲ್ಲಿದ್ದಲು, ಉಕ್ಕು, ಗೊಬ್ಬರ, ಆಹಾರಧಾನ್ಯ, ಪೆಟ್ರೋಲಿಯಂ ಎಂದು ಸರಕಿನ ಹೆಸರುಗಳೂ ಇವೆ. ಮಂಗಳೂರು ಬಂದರಿನಿಂದ ಸಿಕಂದರಾಬಾದಿಗೆ ಹೋಗುವ ದಾರಿಯಲ್ಲಿ ಈ ಮಾರ್ಗ ಬರುತ್ತದೆ ಎಂಬ ವಿವರಣೆಯೂ ಇದೆ. 470 ಹಳ್ಳಿಗಳ 13 ಲಕ್ಷ ಜನರಿಗೆ ಸಂಪರ್ಕ ಸುಧಾರಿಸುತ್ತದೆ ಎಂಬ ಸಾಲೂ ಇದೆ. ಆ 13 ಲಕ್ಷ ಜನ ಯಾವ ರೈಲು ಹತ್ತಬೇಕು, ಎಷ್ಟು ಗಂಟೆಗೆ ಹತ್ತಬೇಕು ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಟನ್ನಿಗೆ ಲೆಕ್ಕ ಇರುವ ಕಡೆ ಜನಕ್ಕೆ ಲೆಕ್ಕ ಇಲ್ಲದ್ದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತನಾದವನು. ಈಗ ಚಿತ್ರದುರ್ಗದಲ್ಲಿದ್ದೇನೆ. ರೈಲ್ವೆ ತಜ್ಞನಲ್ಲ, ಯಾವ ಪಕ್ಷದ ಕಾರ್ಯಕರ್ತನೂ ಅಲ್ಲ. ಆದರೆ ಅಂಕಿ ಕಣ್ಣಿಗೆ ಬಿದ್ದರೆ ಭಾಗಿಸಿ ನೋಡುವ ಚಾಳಿ ಇನ್ನೂ ಹೋಗಿಲ್ಲ. ಒಂದು ಅದಿರು ರೇಕಿನಲ್ಲಿ, ಅಂದರೆ ಒಂದು ಗೂಡ್ಸ್ ಗಾಡಿಯ ಪೂರ್ತಿ ಸಾಲಿನಲ್ಲಿ, 58–59 ವ್ಯಾಗನ್ ಇರುತ್ತವೆ, ಎಲ್ಲ ಸೇರಿ ಸುಮಾರು 4,000 ಟನ್ ಹೊರುತ್ತವೆ. 1 ಕೋಟಿ 89 ಲಕ್ಷ ಟನ್ನನ್ನು ಅದರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 4,700 ರೇಕು, ಅಂದರೆ ದಿನಕ್ಕೆ 13. ಇದೆಲ್ಲ ಈಗ ಓಡುತ್ತಿರುವ ಗೂಡ್ಸ್‌ಗಳ ಮೇಲೆ ಹೆಚ್ಚುವರಿಯಾಗಿ ಬರುವುದು. ಸರಕು ಇಳಿಸಿ ಖಾಲಿ ವಾಪಸಾಗುವ ರೇಕುಗಳನ್ನೂ ಸೇರಿಸಿದರೆ ಓಡಾಟ ಇನ್ನೂ ಹೆಚ್ಚಾಗುತ್ತದೆ.

ಎರಡನೇ ಹಳಿ ಬಂದರೆ ನಿಮ್ಮ ರೈಲುಗಳು ತಾನಾಗಿಯೇ ಸುಧಾರಿಸುತ್ತವೆ ಎಂದು ಸಮಾಧಾನ ಹೇಳುವವರಿದ್ದಾರೆ. ಅವರು ಈ ಲೆಕ್ಕವನ್ನೊಮ್ಮೆ ನೋಡಲಿ. ಹೊಸ ಹಳಿಯ ಬಹುಪಾಲು ಸಾಮರ್ಥ್ಯ ಯಾರ ಹೆಸರಿಗೆ ಹೋಗುತ್ತದೆ ಎಂಬುದು ಮೊದಲ ದಿನದ ಪ್ರಕಟಣೆಯಲ್ಲೇ ಇದೆ. ನಮ್ಮ ಪಾಲನ್ನು ಈಗಲೇ ಕಾಗದದ ಮೇಲೆ ಬರೆಸಿಕೊಳ್ಳದಿದ್ದರೆ ಕಾಮಗಾರಿ ಮುಗಿದ ದಿನ "ಪಾತ್ ಖಾಲಿ ಇಲ್ಲ", ಅಂದರೆ ಹಳಿಯ ಮೇಲೆ ಇನ್ನೊಂದು ರೈಲಿಗೆ ಹೊತ್ತು ಇಲ್ಲ ಎಂಬ ಹಳೆಯ ಉತ್ತರವೇ ಬರುತ್ತದೆ.

ಈ ಮಾರ್ಗದ ಬಗ್ಗೆ ಬೆಂಗಳೂರಿನಲ್ಲಿ ಕೂತು ಓದುವವರಿಗೆ ಒಂದಿಷ್ಟು ಹೇಳಬೇಕು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ಈ ಲೈನು ಅಮೃತಾಪುರ, ಚಿತ್ರದುರ್ಗ, ಚಳ್ಳಕೆರೆ, ತಳಕು, ಮೊಳಕಾಲ್ಮೂರು ಸೀಮೆ ದಾಟಿ ಆಂಧ್ರದ ರಾಯದುರ್ಗ ಹೊಕ್ಕು, ಓಬಳಾಪುರಂ ಕಡೆಯಿಂದ ಮತ್ತೆ ಕರ್ನಾಟಕಕ್ಕೆ ಬಂದು ಬಳ್ಳಾರಿ ಮುಟ್ಟುತ್ತದೆ. ಚಿಕ್ಕಜಾಜೂರು–ಚಿತ್ರದುರ್ಗದ ತುಂಡು ಮೈಸೂರು ಸಂಸ್ಥಾನದ ಕಾಲದ್ದು, ಮೀಟರ್ ಗೇಜ್. ದಶಕಗಳ ಕಾಲ ಚಿತ್ರದುರ್ಗವೇ ಕೊನೆಯ ನಿಲ್ದಾಣವಾಗಿತ್ತು. ಎಂಜಿನ್ ಹಿಂದುಮುಂದಾಗಿ ಬಂದ ದಾರಿಯಲ್ಲೇ ಹೊರಡುತ್ತಿತ್ತು. ರಾಯದುರ್ಗಕ್ಕೆ ಕೊಂಡಿ ಬಿದ್ದದ್ದು, ಬ್ರಾಡ್ ಗೇಜ್ ಆದದ್ದು, ಮೇಲೆ ವಿದ್ಯುತ್ ತಂತಿ ಬಂದದ್ದು ಎಲ್ಲ ಆಮೇಲಿನ ಸಂಗತಿಗಳು. ಒಂದೊಂದು ಸಲ ಕಾಮಗಾರಿ ನಡೆದಾಗಲೂ ನಮಗೆ ಹೇಳಿದ್ದು ಒಂದೇ: ಇದು ಮುಗಿಯಲಿ, ರೈಲು ಬರುತ್ತವೆ. ರೈಲುಗಳೇನೋ ಬಂದವು. ಬಂದವುಗಳಲ್ಲಿ ಬಹುಪಾಲಿಗೆ ಕಿಟಕಿ ಇರಲಿಲ್ಲ.

ಸಂಡೂರು, ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಈ ದಾರಿಯಲ್ಲಿ ಚಿಕ್ಕಜಾಜೂರಿಗೆ ಇಳಿದು, ಅರಸೀಕೆರೆ, ಹಾಸನ, ಸಕಲೇಶಪುರದ ಘಾಟಿ ದಾಟಿ ಮಂಗಳೂರಿಗೆ ಹೋಗುತ್ತದೆ. ಅಲ್ಲಿಂದ ಕಲ್ಲಿದ್ದಲು ಇದೇ ದಾರಿಯಲ್ಲಿ ಮೇಲೆ ಬರುತ್ತದೆ. ನಮ್ಮ ಜಿಲ್ಲೆಯ ಅದಿರೂ ಇದರ ಜೊತೆ ಸೇರಿಕೊಳ್ಳುತ್ತದೆ. ಗಣಿಯ ಭರಾಟೆ ಜೋರಾಗಿದ್ದ ವರ್ಷಗಳಲ್ಲಿ ಹಗಲೂ ರಾತ್ರಿ ಗೂಡ್ಸ್ ಹೋಗುತ್ತಿದ್ದವು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಮರುತಿಂಗಳು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಿರಿನ ರೇಕುಗಳು ಕಣ್ಮರೆಯಾದ ಆ ದಿನಗಳಲ್ಲಿ ನಮ್ಮ ಊರಿನ ಪ್ರಯಾಣಿಕ ರೈಲುಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಿದ್ದು ನನ್ನ ನೆನಪಿನಲ್ಲಿಲ್ಲ. ಆದ್ದರಿಂದ "ಗೂಡ್ಸ್ ಒತ್ತಡದಿಂದ ನಿಮಗೆ ರೈಲು ಕೊಡಲಾಗುತ್ತಿಲ್ಲ" ಎಂಬ ಮಾತನ್ನು ನಾನು ಅರ್ಧವಷ್ಟೇ ನಂಬುತ್ತೇನೆ. ಉಳಿದರ್ಧ, ಕೇಳುವವರಿಲ್ಲ ಎಂಬುದು.

ಗೂಡ್ಸ್ ರೈಲುಗಳ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಒಂದು ರೇಕು ಹೊರುವ ಅದಿರನ್ನು ರಸ್ತೆಗಿಳಿಸಿದರೆ ಇನ್ನೂರಕ್ಕೂ ಹೆಚ್ಚು ಲಾರಿ ಬೇಕು. ಆ ಲಾರಿಗಳ ಕಾಲವನ್ನು ನಾವು ಕಂಡಿದ್ದೇವೆ. ರಸ್ತೆಯಂಚಿನ ಶೇಂಗಾ ಹೊಲ, ಈರುಳ್ಳಿ ಹೊಲ ಎಲ್ಲ ಕೆಂಪಾಗಿ ಹೋಗಿದ್ದವು. ಮಕ್ಕಳು ಶಾಲೆಗೆ ಹೋಗಿ ಬರುವಷ್ಟರಲ್ಲಿ ಬಿಳಿ ಅಂಗಿಯ ಬಣ್ಣ ತಿರುಗುತ್ತಿತ್ತು. ಅದಿರು ಹಳಿಯ ಮೇಲೇ ಹೋಗಲಿ, ಇನ್ನಷ್ಟು ಹೋಗಲಿ. ರೈಲ್ವೆಗೆ ಆದಾಯ ಬರುವುದು ಸರಕಿನಿಂದ ಎಂಬುದೂ ಗೊತ್ತು. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ನಮ್ಮ ಟಿಕೆಟಿನ ಮೇಲೇ ಅಚ್ಚು ಹಾಕಿ ಕೊಡುತ್ತಿದ್ದಿರಲ್ಲ. ಒಪ್ಪಿದೆ. ಹಾಗಾದರೆ ಅತಿ ಹೆಚ್ಚು ಸರಕು ಹೊರುವ ಮಾರ್ಗಗಳ ಜನಕ್ಕೆ ಆ ಆದಾಯದ ನೆರಳಾದರೂ ಸಿಗಬೇಕಲ್ಲವೇ? ಇಲ್ಲಿ ನಡೆದದ್ದು ಅದರ ಉಲ್ಟಾ. ಸರಕು ಹೆಚ್ಚಿದಷ್ಟೂ ಪ್ರಯಾಣಿಕ ಹಿಂದೆ ಸರಿಯುತ್ತಾ ಬಂದಿದ್ದಾನೆ.

ಒಂಟಿ ಹಳಿಯಲ್ಲಿ ಆಗುವುದೇನೆಂದು ಇಲ್ಲಿ ಓಡಾಡುವ ಎಲ್ಲರಿಗೂ ಬಾಯಿಪಾಠ. ಎದುರಿನಿಂದ ರೈಲು ಬಂದರೆ ಎರಡರಲ್ಲಿ ಒಂದು ಲೂಪ್ ಲೈನಿಗೆ, ಅಂದರೆ ನಿಲ್ದಾಣದ ಬದಿಯ ಹಳಿಗೆ, ಹೋಗಿ ನಿಲ್ಲಬೇಕು. ಮುಕ್ಕಾಲು ಕಿಲೋಮೀಟರಿಗೆ ಹತ್ತಿರ ಉದ್ದದ ತುಂಬಿದ ರೇಕನ್ನು ನಿಲ್ಲಿಸಿ ಮತ್ತೆ ಹೊರಡಿಸುವುದಕ್ಕಿಂತ ಹಗುರವಾದ ಪ್ಯಾಸೆಂಜರನ್ನು ಬದಿಗೆ ಹಾಕುವುದು ಸುಲಭ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಅದು ಸರಿಯಾದ ತೀರ್ಮಾನವೇ ಇರಬಹುದು. ಬೋಗಿಯೊಳಗೆ ಕೂತವರಿಗೆ ಏನಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಮ್ಮೆ ಚಳ್ಳಕೆರೆ ದಾಟಿದ ಮೇಲೆ ರೈಲು ಹೀಗೇ ನಿಂತಿತ್ತು. ಬಿಸಿಲು ನೆತ್ತಿಗೇರಿತ್ತು. ಎದುರು ಸೀಟಿನಲ್ಲಿ ರಾಯದುರ್ಗದ ಕಡೆಯ ಅಜ್ಜಿ, ಮಗನ ಜೊತೆ ದಾವಣಗೆರೆಯ ಆಸ್ಪತ್ರೆಗೆ ಹೊರಟಿದ್ದರು. ಕಾಲಿನ ಬಾವು ಇಳಿದಿರಲಿಲ್ಲ. "ಯಾಕಪ್ಪಾ ನಿಂತೈತೆ?" ಎಂದು ಕೇಳಿದರು. ಗೂಡ್ಸ್ ಬರುತ್ತದೆ ಅಂದೆ. "ಅದ್ರಾಗೆ ಯಾರವ್ರೆ?" ಯಾರೂ ಇಲ್ಲಜ್ಜಿ, ಅದಿರು, ಕೆಂಪು ಮಣ್ಣು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣ್ಣಿಗೇನಪ್ಪ ಅಷ್ಟು ಅವಸರ" ಅಂದರು. ಮಗ ನಕ್ಕ. ಚಿಕ್ಕಜಾಜೂರು ಮುಟ್ಟುವ ಹೊತ್ತಿಗೆ ದಾವಣಗೆರೆ ಕಡೆ ಹೋಗುವ ರೈಲು ಹೋಗಿಯಾಗಿತ್ತು. ಮುಂದಿನದು ಎಷ್ಟೊತ್ತಿಗೆ, ಯಾವ ಪ್ಲಾಟ್‌ಫಾರಂ ಎಂದು ಹೇಳುವ ಧ್ವನಿ ಮೈಕಿನಲ್ಲಿ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿ ಕೊಡುವುದು ನಿಂತ ಮೇಲೆ ದಾವಣಗೆರೆಗೆ ಹೋಗಿ ಏನು ಮಾಡುವುದು ಎಂದು ತಾಯಿ ಮಗ ಬೆಂಚಿನ ಮೇಲೆ ಕೂತು ಮಾತಾಡಿಕೊಳ್ಳುತ್ತಿದ್ದರು.

ಇದರಲ್ಲಿ ನಿಲ್ದಾಣದ ಸಿಬ್ಬಂದಿಯ ತಪ್ಪೇನೂ ಇಲ್ಲ. ಅವರಲ್ಲಿ ಹಲವರು ನಮ್ಮ ಜೊತೆ ಮರುಗುವವರೇ. ತೊಂದರೆ ಇರುವುದು ಲೆಕ್ಕ ಇಡುವ ಕ್ರಮದಲ್ಲಿ. ರೈಲು ಸಮಯಕ್ಕೆ ಸರಿಯಾಗಿ ಬಂತೋ ಇಲ್ಲವೋ ಎಂದು ನೀವು ಅಳೆಯುವುದು ಕೊನೆಯ ನಿಲ್ದಾಣದಲ್ಲಿ. ವೇಳಾಪಟ್ಟಿಯಲ್ಲಿ ಕೊನೆಯ ಒಂದೆರಡು ನಿಲ್ದಾಣಗಳ ನಡುವೆ ಧಾರಾಳವಾಗಿ ಸಮಯ ಸೇರಿಸಿರುತ್ತೀರಿ. ನಡುವೆ ಎಲ್ಲಿ ಎಷ್ಟು ಹೊತ್ತು ಸೊರಗಿದರೂ ಕೊನೆಗೆ ಸಮಯಕ್ಕೆ ಬಂದಿದೆ ಎಂದು ದಾಖಲಾಗಬಹುದು. ನಮ್ಮ ಮಾರ್ಗದ ಅರ್ಧಕ್ಕರ್ಧ ಜನ ಕೊನೆಯ ನಿಲ್ದಾಣಕ್ಕೆ ಹೋಗುವವರೇ ಅಲ್ಲ, ನಡುವೆ ಇಳಿದು ಇನ್ನೊಂದು ರೈಲೋ ಬಸ್ಸೋ ಹಿಡಿಯುವವರು. ಲೆಕ್ಕ ಬರೆದವನಾಗಿ ಹೇಳುತ್ತೇನೆ: ವರ್ಷದ ಕೊನೆಯ ಶಿಲ್ಕು ತಾಳೆಯಾಯಿತು ಎಂದು ನಡುವಿನ ತಿಂಗಳುಗಳ ಪುಟ ತೆರೆಯದ ಆಡಿಟರನ್ನು ಯಾವ ಮಾಲೀಕನೂ ಇಟ್ಟುಕೊಳ್ಳುವುದಿಲ್ಲ.

ಇನ್ನು "ಜನ ಹತ್ತುವುದಿಲ್ಲ" ಎಂಬ ವಾದ. ಹೌದು, ಕೆಲವು ರೈಲುಗಳು ಖಾಲಿ ಹೋಗುತ್ತವೆ. ಯಾಕೆ ಖಾಲಿ ಎಂದು ನೋಡಿದಿರಾ? ಕಚೇರಿ, ಕಾಲೇಜು, ಆಸ್ಪತ್ರೆ, ಮಂಡಿ ಯಾವುದಕ್ಕೂ ಹೊಂದದ ಹೊತ್ತಿನಲ್ಲಿ ರೈಲು ಓಡಿಸಿದರೆ ಹತ್ತುವವರು ಯಾರು? ಕೊರೊನಾ ಬಂದು ರೈಲು ನಿಂತವು. ಮತ್ತೆ ಶುರುವಾದಾಗ ಪ್ಯಾಸೆಂಜರ್ ಗಾಡಿಗಳಿಗೆ ಸೊನ್ನೆಯಿಂದ ಶುರುವಾಗುವ ನಂಬರು ಹಾಕಿ ವಿಶೇಷ ರೈಲು ಎಂದು ಕರೆದು, 10 ರೂಪಾಯಿ ಇದ್ದ ಕನಿಷ್ಠ ಟಿಕೆಟಿಗೆ 30 ರೂಪಾಯಿ ವಸೂಲು ಮಾಡಿದಿರಿ. ಅದು 2024ರ ಫೆಬ್ರುವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಅಷ್ಟು ವರ್ಷಗಳಲ್ಲಿ ಕೂಲಿಗೆ ಹೋಗುವವರು, ಸಂತೆಗೆ ಹೋಗುವವರು ಬಸ್ಸು ಟೆಂಪೊಗಳ ರೂಢಿ ಮಾಡಿಕೊಂಡಿದ್ದರು. ಹಿರಿಯ ನಾಗರಿಕರ ರಿಯಾಯಿತಿಯಂತೂ 2020ರ ಮಾರ್ಚಿನಲ್ಲಿ ಹೋದದ್ದು ಹೋಯಿತೇ ಸರಿ. ಈ ಮಾತಿನಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ಓದುವವರು ಅಂದುಕೊಂಡರೆ ಬೇಸರವಿಲ್ಲ.

ಬೆಂಗಳೂರಿನ ವಿಷಯ ಬೇರೆ. ಚಿತ್ರದುರ್ಗದಿಂದ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೆಂಗಳೂರು ಸುಮಾರು 200 ಕಿ.ಮೀ. ರೈಲಿನಲ್ಲಿ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ ಹೋದರೆ 300 ದಾಟುತ್ತದೆ. ಇದಕ್ಕೆ ಪರಿಹಾರವಾಗಿ 2011–12ರ ಹೊತ್ತಿಗೆ ಮಂಜೂರಾದ ತುಮಕೂರು–ದಾವಣಗೆರೆ ನೇರ ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೇಲೆ ಬರಬೇಕು. ರಾಜ್ಯವೇ ಭೂಮಿ ಕೊಟ್ಟು ಅರ್ಧ ಖರ್ಚನ್ನೂ ಹೊರುವ ಒಪ್ಪಂದವಾಗಿದ್ದರೂ ವರ್ಷಗಟ್ಟಲೆ ಭೂಸ್ವಾಧೀನದಲ್ಲೇ ಹೂತುಹೋಗಿತ್ತು. ಈಗ ಕೆಲಸ ಚುರುಕಾಗಿದೆ ಎನ್ನುತ್ತಾರೆ, ಆಗಲಿ. ಭದ್ರಾ ಮೇಲ್ದಂಡೆ ನೀರಿಗೆ ಕಾದ ಜಿಲ್ಲೆ ನಮ್ಮದು, ಕಾಯುವುದು ನಮಗೆ ಯಾರೂ ಕಲಿಸಬೇಕಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಆ ಹೋರಾಟಕ್ಕೆ ಬೇರೆ ಜನ ಇದ್ದಾರೆ.

ನಾನು ಕೇಳುತ್ತಿರುವುದು ಹತ್ತಿರದ ಊರುಗಳ ಓಡಾಟದ ಬಗ್ಗೆ. ದಾವಣಗೆರೆ 1997ರ ತನಕ ನಮ್ಮ ಜಿಲ್ಲೆಯೇ ಆಗಿತ್ತು. ಜಿಲ್ಲೆ ಬೇರೆಯಾದ ಮೇಲೂ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ, ಬಟ್ಟೆ ಅಂಗಡಿ, ಮಂಡಿ ಎಲ್ಲದಕ್ಕೂ ನಾವು ಹೋಗುವುದು ಅಲ್ಲಿಗೇ. ರಸ್ತೆಯಲ್ಲಿ 60 ಕಿ.ಮೀ. ಹತ್ತಿರ, ಹಳಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನ ಸುತ್ತುದಾರಿಯ ತೊಡಕು ಇಲ್ಲಿಲ್ಲ. ತಂತಿ ಎಳೆದಾಗಿದೆ, ಚಿಕ್ಕಜಾಜೂರಿನಿಂದಾಚೆ ಜೋಡಿ ಹಳಿಯೂ ಆಗಿದೆ. ಬೇಗ ವೇಗ ಹಿಡಿದು ಬೇಗ ನಿಲ್ಲುವ ಮೆಮು ಎಂಬ ವಿದ್ಯುತ್ ರೈಲು ಓಡಿಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ? ಬೆಳಿಗ್ಗೆ ಚಳ್ಳಕೆರೆಯಿಂದ ಹೊರಟು ಚಿತ್ರದುರ್ಗ, ಚಿಕ್ಕಜಾಜೂರು ಮೇಲೆ ದಾವಣಗೆರೆ, ಹರಿಹರ ಮುಟ್ಟುವ ಒಂದು ಗಾಡಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಕಾಲೇಜಿನ ಹುಡುಗ ಹುಡುಗಿಯರು ತಿಂಗಳ ಪಾಸಿನಲ್ಲಿ ಹೋಗಿ ಬರಲಿ. ಈಗಿರುವ ಬೆರಳೆಣಿಕೆಯ ರೈಲುಗಳಿಂದ ಈ ಕೆಲಸ ಆಗುತ್ತಿಲ್ಲ.

ಚಳ್ಳಕೆರೆಯನ್ನು ಬರೀ ಎಣ್ಣೆ ಮಿಲ್ಲಿನ ಊರು ಎಂದುಕೊಂಡಿರುವ ಅಧಿಕಾರಿಗಳಿದ್ದರೆ ಒಂದು ಮಾತು. ಊರಾಚೆಯ ಕುದಾಪುರದ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ, ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರವಿದೆ, ಇಸ್ರೊ, ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಸಂಸ್ಥೆಗಳಿಗೂ ಭೂಮಿ ಕೊಟ್ಟಿದ್ದಾರೆ. ಅಮೃತಮಹಲ್ ಕಾವಲು ಕೊಟ್ಟು ಸುತ್ತಲ ಹಳ್ಳಿಗಳು ದನ ಕುರಿ ಮೇಯಿಸುವ ನೆಲ ಕಳೆದುಕೊಂಡ ಕಥೆ ಬೇರೆಯೇ ಇದೆ. ದೇಶದ ವಿಜ್ಞಾನಕ್ಕೆ ಇಷ್ಟು ನೆಲ ಕೊಟ್ಟ ತಾಲ್ಲೂಕಿಗೆ ಹೊತ್ತಿಗೆ ಸರಿಯಾದ ರೈಲು ಕೇಳುವ ಹಕ್ಕಿದೆ ಎಂದು ಭಾವಿಸುತ್ತೇನೆ.

ಸರಕಿನ ವಿಷಯದಲ್ಲೂ ನಮ್ಮದೊಂದು ದೂರಿದೆ. ಈ ಹಳಿಯ ಮೇಲೆ ಹೋಗುವ ಸರಕೆಲ್ಲ ದೊಡ್ಡವರದ್ದು. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯ ಈರುಳ್ಳಿ ಲಾರಿಯಲ್ಲೇ ಬೆಂಗಳೂರಿಗೆ ಹೋಗಿ, ರೇಟು ಬಿದ್ದ ದಿನ ಬಾಡಿಗೆಯೂ ಹುಟ್ಟದೆ ರೈತ ಬರಿಗೈಲಿ ಬರುತ್ತಾನೆ. ರೈಲ್ವೆ ಈಗ ಒಲವು ತೋರಿಸುವುದು ಇಡೀ ರೇಕು ತುಂಬಿಸುವವರಿಗೆ. ನಮ್ಮ ಊರಿನ ಮಂಡಿಯವನಿಗೆ, ರೈತರ ಸಂಘಕ್ಕೆ 59 ವ್ಯಾಗನ್ ತುಂಬಿಸುವ ತಾಕತ್ತು ಎಲ್ಲಿಂದ ಬರಬೇಕು? 2020ರಲ್ಲಿ ಕಿಸಾನ್ ರೈಲು ಶುರು ಮಾಡಿ ಹಣ್ಣು ತರಕಾರಿಯ ಸಾಗಣೆ ದರದಲ್ಲಿ ಅರ್ಧ ಬಿಟ್ಟಿರಿ. ಅಂಥದ್ದು ಸುಗ್ಗಿಯ ಎರಡು ಮೂರು ತಿಂಗಳಾದರೂ ಇಲ್ಲಿಂದ ನಿಯಮಿತವಾಗಿ ನಡೆಯಬೇಕು. ಪ್ರಯಾಣಿಕ ರೈಲಿಗೇ ಗಾಳಿಯಾಡುವ ಒಂದು ಪಾರ್ಸೆಲ್ ವ್ಯಾನ್ ಜೋಡಿಸಿದರೂ ಆದೀತು. ಮೊಳಕಾಲ್ಮೂರಿನ ಸೀರೆ, ಚಳ್ಳಕೆರೆಯ ಕಂಬಳಿ ನೇಯುವವರಿಗೂ ಅದರಿಂದ ಅನುಕೂಲ.

ಎರಡನೇ ಹಳಿಯ ಮಣ್ಣು ಕೆಲಸ ನಡೆಯುವಾಗಲೇ ಗಮನ ಕೊಡಬೇಕಾದದ್ದು ಅಂಡರ್‌ಪಾಸ್‌ಗಳಿಗೆ. ಗೇಟು ತೆಗೆದು ಅಂಡರ್‌ಪಾಸ್ ಮಾಡಿದ್ದು ಸುರಕ್ಷತೆಗೆ ಒಳ್ಳೆಯದೇ. ಆದರೆ ನಾನು ನೋಡಿರುವ ಹಲವು ಕಡೆ ಒಂದು ಹದ ಮಳೆ ಬಿದ್ದರೆ ಸಾಕು, ಮೊಣಕಾಲುದ್ದ ನೀರು ವಾರಗಟ್ಟಲೆ ನಿಲ್ಲುತ್ತದೆ. ಮಳೆ ಕಡಿಮೆ ಎಂದು ಹೆಸರಾದ ಜಿಲ್ಲೆಯಲ್ಲಿ ನೀರು ನಿಲ್ಲುವ ಜಾಗ ಅಂಡರ್‌ಪಾಸ್ ಒಂದೇ ಎಂದು ಊರಿನವರು ತಮಾಷೆ ಮಾಡುತ್ತಾರೆ. ಎತ್ತರ ಸಾಲದೆ ಕಟಾವು ಯಂತ್ರ ಒಳಗೆ ಹೋಗುವುದಿಲ್ಲ. ಶೇಂಗಾ ಹೊಟ್ಟು ಹೇರಿದ ಟ್ರಾಕ್ಟರ್ ಸಿಕ್ಕಿಕೊಳ್ಳುತ್ತದೆ, ಅರ್ಧ ಹೊಟ್ಟು ಇಳಿಸಿ ಆಚೆ ದಾಟಿ ಮತ್ತೆ ಹೇರಬೇಕು. ಕುರಿ ಮಂದೆಯವರು ನೀರಿಗೆ ಹೆದರಿ ಹಳಿಯ ಮೇಲೇ ಮಂದೆ ಹೊಡೆದುಕೊಂಡು ಹೋಗುತ್ತಾರೆ. ಈಗ ಅದೇ ಜಾಗಗಳಲ್ಲಿ ಇನ್ನೊಂದು ಹಳಿ, ಅದರ ಮೇಲೆ ದಿನಕ್ಕೆ ಇನ್ನಷ್ಟು ರೈಲು. ಅಂಡರ್‌ಪಾಸ್‌ಗಳನ್ನು ಉದ್ದ ಮಾಡುವುದು ಹೇಗೂ ಅನಿವಾರ್ಯ. ಆಗಲೇ ನೀರು ಹರಿದು ಹೋಗುವ ಚರಂಡಿ, ಬೇಕಾದ ಎತ್ತರ ಎರಡನ್ನೂ ಸರಿಪಡಿಸಿ. ನಕ್ಷೆ ಅಂತಿಮವಾಗುವ ಮೊದಲು ಎಂಜಿನಿಯರುಗಳು ಆಯಾ ಗ್ರಾಮ ಪಂಚಾಯಿತಿಗೆ ಬಂದು, ಎಲ್ಲಿ ನೀರು ನಿಲ್ಲುತ್ತದೆ ಎಂದು ಊರಿನವರನ್ನೇ ಕೇಳಲಿ. ಹಳ್ಳದ ನೀರು ಹರಿಯುವ ದಿಕ್ಕು ಕುರಿ ಕಾಯುವವನಿಗೆ ಗೊತ್ತಿರುತ್ತದೆ.

ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ನಮ್ಮ ಸಂಸದರು, ಶಾಸಕರ ಮುಂದಿಡುತ್ತೇನೆ. 2015ರ ಕಾನೂನಿನಂತೆ ಗಣಿ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನ ನಿಧಿ ಇದೆ. ಹಳೆಯ ಗುತ್ತಿಗೆಗಳಿಂದ ರಾಜಧನದ ಶೇ 30ರಷ್ಟು, ಹರಾಜಿನ ಗುತ್ತಿಗೆಗಳಿಂದ ಶೇ 10ರಷ್ಟು ಅದಕ್ಕೆ ಸೇರುತ್ತದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲ ಆದ್ಯತೆ, ಅದು ಹಾಗೇ ಇರಲಿ. ರಸ್ತೆ, ಸೇತುವೆ, ರೈಲ್ವೆಯಂಥ ಮೂಲಸೌಕರ್ಯಕ್ಕೂ ಅದರ ನಿಯಮದಲ್ಲಿ ಜಾಗವಿದೆ. ಅದಲ್ಲದೆ ಗಣಿಯಿಂದ ಹಾಳಾದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಪ್ರದೇಶಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ರಚನೆಯಾದ ರಾಜ್ಯ ನಿಗಮವಿದೆ, ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. ಧೂಳು ಕುಡಿದವರು ನಾವು. ಆ ಹಣದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನಿಲ್ದಾಣಗಳಿಗೆ ಸರಿಯಾದ ರಸ್ತೆ, ಬೀದಿ ದೀಪ, ರೈಲಿನ ಹೊತ್ತಿಗೆ ಊರಿಂದ ಬಂದು ಹೋಗುವ ಒಂದು ಬಸ್ಸು, ಇಷ್ಟನ್ನಾದರೂ ಕೇಳಿ ತರುವುದು ನಿಮ್ಮ ಕೆಲಸ. ಕೇಳಿದ್ದೀರೋ ಇಲ್ಲವೋ ನಮಗೆ ತಿಳಿಸುವುದೂ ನಿಮ್ಮ ಕೆಲಸವೇ.

ನಿಲ್ದಾಣಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಯಲ್ಲಿ ಚಿತ್ರದುರ್ಗ, ದಾವಣಗೆರೆ ನಿಲ್ದಾಣಗಳ ಹೆಸರಿವೆ. ದಾವಣಗೆರೆಗೆ ರೈಲುಗಳಿವೆ, ಅಲ್ಲಿ ಕಮಾನು ಕಟ್ಟಿದರೆ ಅರ್ಥವಿದೆ. ಚಿತ್ರದುರ್ಗದಲ್ಲಿ ರೈಲು ಹೆಚ್ಚಿಸದೆ ಮುಂಭಾಗಕ್ಕೆ ಮಾತ್ರ ಸುಣ್ಣಬಣ್ಣ ಮಾಡಿದರೆ ಮದುವೆ ಗೊತ್ತಾಗದ ಮನೆಯ ಮುಂದೆ ಚಪ್ಪರ ಹಾಕಿದಂತಾಗುತ್ತದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಜೋಡಿ ಹಳಿಯ ಕಾರ್ಯಯೋಜನೆಯಲ್ಲೇ ಬೆಳಿಗ್ಗೆ ಮತ್ತು ಸಂಜೆಯ ನಿಗದಿತ ಹೊತ್ತು ಪ್ರಯಾಣಿಕ ರೈಲುಗಳಿಗೆ ಮೀಸಲು ಎಂದು ಬರೆಯಿರಿ. ಆ ಹೊತ್ತಿನಲ್ಲಿ ಗೂಡ್ಸ್ ಕಾಯಲಿ. ಕಾಮಗಾರಿ ಮುಗಿಯುವ ತನಕ ಕಾಯದೆ ಈಗಲೇ ಮಾಡಬಹುದಾದದ್ದೂ ಇದೆ. ಚಿಕ್ಕಜಾಜೂರಿನಲ್ಲಿ ನಮ್ಮ ಲೈನಿನ ಗಾಡಿ ತಡವಾದರೆ ಮುಖ್ಯ ಮಾರ್ಗದ ಎಕ್ಸ್‌ಪ್ರೆಸ್ಸನ್ನು ನಿಲ್ಲಿಸಿಕೊಳ್ಳಿ ಎಂದು ನಾವು ಕೇಳುವುದಿಲ್ಲ, ಅದು ಆಗದ ಮಾತು. ಆದರೆ ಆ ಸಂಪರ್ಕ ತಪ್ಪದಂತೆ ನಮ್ಮ ಗಾಡಿಯನ್ನು ಲೂಪಿಗೆ ಹಾಕದೆ ಬಿಡಬಹುದು. ತಪ್ಪಿದ ದಿನ ಮುಂದಿನ ರೈಲು ಯಾವುದೆಂದು ಕನ್ನಡದಲ್ಲಿ, ತೆಲುಗಿನಲ್ಲಿ ಮೈಕಿನಲ್ಲಿ ಹೇಳಬಹುದು. ಇದಕ್ಕೆ 3,342 ಕೋಟಿ ಬೇಕಾಗಿಲ್ಲ. ನಡುವಿನ ನಿಲ್ದಾಣಗಳ ಸಮಯಪಾಲನೆಯನ್ನೂ ಪ್ರತಿ ತಿಂಗಳು ಪ್ರಕಟಿಸಿ. ವಿಭಾಗ ಮಟ್ಟದ ರೈಲು ಬಳಕೆದಾರರ ಸಲಹಾ ಸಮಿತಿಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ, ನಿಜವಾಗಿ ಈ ಗಾಡಿಗಳಲ್ಲಿ ಓಡಾಡುವ ಒಬ್ಬರಿಗಾದರೂ ಜಾಗ ಕೊಡಿ. ಅದರಲ್ಲಿ ಹೆಣ್ಣುಮಗಳೊಬ್ಬಳಿದ್ದರೆ ನಿಲ್ದಾಣದ ಶೌಚಾಲಯದ ಬಾಗಿಲಿಗೆ ಅಗಳಿ ಇದೆಯೋ ಇಲ್ಲವೋ ಎಂಬುದೂ ಸಭೆಯ ನಡಾವಳಿಗೆ ಬಂದೀತು.

ಮೆಮು ಓಡಿಸಲು ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ಕಾರಣ ಕೊಡಿ. ರೇಕು ಇಲ್ಲವೋ, ಸಿಬ್ಬಂದಿ ಇಲ್ಲವೋ, ಹಳಿಯಲ್ಲಿ ಜಾಗ ಇಲ್ಲವೋ, ಯಾವುದಾದರೂ ಸರಿ. "ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲಿನ ಉತ್ತರ ಬೇಡ. ಉತ್ತರ ಕನ್ನಡದಲ್ಲಿರಲಿ. ನನ್ನೊಬ್ಬನ ವಿಳಾಸಕ್ಕೆ ಕಳಿಸುವುದಕ್ಕಿಂತ ಚಿಕ್ಕಜಾಜೂರು, ಚಿತ್ರದುರ್ಗ, ಚಳ್ಳಕೆರೆ ನಿಲ್ದಾಣಗಳ ಟಿಕೆಟ್ ಕೌಂಟರಿನ ಪಕ್ಕದಲ್ಲಿ, ನಿಂತವರಿಗೆ ಓದಲು ಸಿಗುವ ಎತ್ತರದಲ್ಲಿ ಅಂಟಿಸಿ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ನಿವೃತ್ತ ಗುಮಾಸ್ತ